ನೆಲದ ಮೇಲೊಂದು ನೆಲ

ಆ ಮನೆಯಲ್ಲಿ ಇದ್ದವರು ಇಬ್ಬರೇ, ಅತ್ತಿಗೆ ಮತ್ತು ನಾದಿನಿ. ಒಬ್ಬಳಿಗೆ ಗಂಡನೂ ಇನ್ನೊಬ್ಬಳಿಗೆ ಅಣ್ಣನೂ ಆಗಿದ್ದ ಮನುಷ್ಯ ತೀರಿಕೊಂಡು ವರ್ಷದ ಮೇಲಾಗಿತ್ತು. ಅವನಿದ್ದಾಗ ಅದು ಮೂವರ ಮನೆ. ಅವನು ಹೋದ ಮೇಲೆ ಇಬ್ಬರ ಮನೆ ಆಗಬೇಕಿತ್ತು, ಆಗಲಿಲ್ಲ. ಒಂದೇ ಸೂರಿನ ಕೆಳಗೆ ಒಬ್ಬೊಬ್ಬರದ್ದೇ ಎರಡು ಮನೆಯಾಯಿತು.

ನಾದಿನಿಗೆ ಮನೆಯಲ್ಲಿ ಮೆಣಸಿ ಅಂತಲೇ ಹೆಸರು. ಇಟ್ಟವನು ಅಣ್ಣ. ಚಿಕ್ಕವಳಿದ್ದಾಗ ಕಾಳುಮೆಣಸಿನಷ್ಟೇ ಇದ್ದಳಂತೆ, ಮಾತಾಡಿದರೆ ಮಾತ್ರ ಮೂಗಿನವರೆಗೂ ಖಾರ ಏರುತ್ತಿತ್ತಂತೆ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತ ಕೂರಿಸುತ್ತ ಐವತ್ತು ದಾಟಿದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಮದುವೆ ಅವಳಿಗೆ ಬೇಡವಾಗಿತ್ತು, ಯಾರೂ ಬಲವಂತ ಮಾಡಲಿಲ್ಲ. ಅತ್ತಿಗೆ ಈ ಮನೆಗೆ ಬಂದಾಗಿನಿಂದ ಮೆಣಸಿಯದು ನಡುಮನೆಗೆ ಅಂಟಿಕೊಂಡ ಸಣ್ಣ ಕೋಣೆ, ಮೂಲೆಯಲ್ಲೊಂದು ಪುಟ್ಟ ಬಚ್ಚಲು. ಬಾಗಿಲು ಒಳಕ್ಕೆ ತೆರೆದರೆ ಮಂಚಕ್ಕೆ ಬಡಿಯುವಷ್ಟು ಇಕ್ಕಟ್ಟು. ಅದಕ್ಕೇ ಅಣ್ಣ ಬಡಗಿಯನ್ನು ಕರೆಸಿ ಆ ಬಾಗಿಲನ್ನು ನಡುಮನೆಯ ಕಡೆಗೆ ತೆರೆಯುವ ಹಾಗೆ ತಿರುಗಿಸಿಕೊಟ್ಟಿದ್ದ.

ಅವನಿದ್ದಷ್ಟು ದಿನ ಮನೆಯ ಮಾತೆಲ್ಲ ಅವನ ಮೂಲಕವೇ ಹಾದುಹೋಗುತ್ತಿತ್ತು. "ನಿಮ್ಮ ತಂಗಿಗೆ ಹೇಳಿ, ಛತ್ರಿ ತಗೊಂಡು ಹೋಗಲಿ" ಎಂದು ಅತ್ತಿಗೆ ಅನ್ನುವಳು, ತಂಗಿ ಎದುರಿಗೇ ಕೂತು ಟೀ ಕುಡಿಯುತ್ತಿದ್ದರೂ. "ಮೋಡ ಇಲ್ಲ ಅಂತ ಅತ್ತಿಗೆಗೆ ಹೇಳಣ್ಣ" ಎಂದು ಅವಳು. ಅವನು ಪೇಪರಿನಿಂದ ತಲೆ ಎತ್ತದೆ, "ಇಬ್ಬರಿಗೂ ಕೇಳಿಸ್ತು ತಾನೇ? ನನ್ನ ಕೆಲಸ ಮುಗೀತು" ಅನ್ನುತ್ತಿದ್ದ. ಅದರಲ್ಲಿ ಹಗೆಯೇನೂ ಇರಲಿಲ್ಲ. ಹೊಸದರಲ್ಲಿ ನಾಚಿಕೆಯಿಂದ ಶುರುವಾದದ್ದು ಆಮೇಲೆ ತಮಾಷೆಯಾಗಿ, ತಮಾಷೆ ರೂಢಿಯಾಗಿ ಉಳಿದುಕೊಂಡಿತ್ತು, ಅಷ್ಟೇ. ಅವನು ಹೋದ ಮೇಲೆ ಇಬ್ಬರಿಗೂ ನೇರವಾಗಿ ಮಾತಾಡಲು ಬಾಯೇ ಬರಲಿಲ್ಲ. ಇಷ್ಟು ವರ್ಷ ಜೊತೆಗಿದ್ದವರು ಈಗ ಹೊಸದಾಗಿ ಏನಂತ ಶುರು ಮಾಡುವುದು?

ಹಾಗಾಗಿ ಒಬ್ಬಳು ಅಡುಗೆಮನೆಯಲ್ಲಿದ್ದರೆ ಇನ್ನೊಬ್ಬಳು ಅವಳು ಹೊರಬರಲೆಂದು ಕಾಯುವಳು. ಮೊದಲಿನವಳು ಮಾಡಿದ್ದನ್ನು ಮುಚ್ಚಿಟ್ಟು ಹೋಗುವಳು. ಇನ್ನೊಬ್ಬಳು ತಿಂದು, ಪಾತ್ರೆ ತೊಳೆದು, ಬೋರಲು ಹಾಕುವಳು. ಎಲ್ಲವೂ ಅಚ್ಚುಕಟ್ಟು. ಹಾಲು ಕಾಯಿಸಲು ಯಾರೂ ಮರೆಯುತ್ತಿರಲಿಲ್ಲ. ಮೆಣಸಿ ಮನೆಯಲ್ಲಿದ್ದಾಳೋ ಇಲ್ಲವೋ ಎಂಬುದು ಅತ್ತಿಗೆಗೆ ತಿಳಿಯುತ್ತಿದ್ದುದು ಮುಂಬಾಗಿಲ ಮೆಟ್ಟಿಲಿನ ಮೇಲಿನ ಚಪ್ಪಲಿಯಿಂದ. ಕಂದು ಬಣ್ಣದ, ಹಿಮ್ಮಡಿ ಸವೆದ ಚಪ್ಪಲಿ. ಅದು ಅಲ್ಲಿದ್ದರೆ ಅವಳು ಒಳಗೆ, ಇಲ್ಲದಿದ್ದರೆ ಹೊರಗೆ. ಶಿಶುವಿಹಾರದಲ್ಲಿ ಮಕ್ಕಳ ಮೂಗು ಒರೆಸಿ, ಲೇಸು ಕಟ್ಟಿ ಸಂಜೆ ಮನೆಗೆ ಬರುವ ಅತ್ತಿಗೆ, ಗೇಟು ತೆಗೆಯುವಾಗಲೇ ಕಣ್ಣನ್ನು ಅತ್ತ ಹಾಯಿಸುತ್ತಿದ್ದಳು.

ನೆಲದ ವಿಷಯ ಹೊರಟದ್ದು ಕಾಯಿಲೆಯ ಮಂಚದಿಂದ.

ಅವನ ಕೊನೆಯ ತಿಂಗಳುಗಳಲ್ಲಿ ನಡುಮನೆಯಲ್ಲಿ ಕಬ್ಬಿಣದ ಮಂಚ ಹಾಕಿದ್ದರು. ಅದನ್ನು ತೆಗೆದ ಮೇಲೆ ಕಾಲು ಊರಿದ್ದ ಕಡೆಯೆಲ್ಲ ತುಕ್ಕಿನ ಕಂದು ಉಂಗುರ ಉಳಿಯಿತು. ಸೋಡಾ ಹಾಕಿ ಉಜ್ಜಿದ್ದಾಯಿತು, ನಿಂಬೆಹಣ್ಣು ಉಜ್ಜಿದ್ದಾಯಿತು, ಅಂಗಡಿಯವನು ಕೊಟ್ಟ ಯಾವುದೋ ಆಸಿಡ್ ಸುರಿದು ಕೈ ಸುಟ್ಟುಕೊಂಡದ್ದೂ ಆಯಿತು. ಹೋಗಲಿಲ್ಲ. ಆ ಭಾಗದ ಟೈಲ್ಸ್ ಬೇರೆ ತಳದಿಂದ ಬಿಟ್ಟುಕೊಂಡು, ಕಾಲಿಟ್ಟರೆ ಟೊಕ್ ಟೊಕ್ ಅನ್ನುತ್ತಿದ್ದವು. ಒಂದು ದಿನ ಒಣಗಿದ ಬಟ್ಟೆ ಹೊತ್ತು ತನ್ನ ಕೋಣೆಗೆ ಹೋಗುವಾಗ ಅತ್ತಿಗೆಗೆ ತಟ್ಟನೆ ತಿಳಿಯಿತು, ತಾನು ನೇರವಾಗಿ ನಡೆಯುತ್ತಿಲ್ಲ. ಇಲ್ಲದ ಮಂಚವನ್ನು ಸುತ್ತಿಕೊಂಡು ನಡೆಯುತ್ತಿದ್ದೇನೆ. ವರ್ಷದಿಂದ ದಿನವೂ ಹೀಗೇ ನಡೆದಿದ್ದೇನೆ. ಬಟ್ಟೆ ಹೊತ್ತುಕೊಂಡೇ ಅಲ್ಲಿ ನಿಂತಳು. ಆ ಸಂಜೆಯೇ ಟೈಲ್ಸ್ ಮೇಸ್ತ್ರಿಗೆ ಫೋನು ಮಾಡಿದಳು.

ಮೇಸ್ತ್ರಿ ಗುಂಡಗಿನ ಹೊಟ್ಟೆಯ, ನಗುಮುಖದ ಮನುಷ್ಯ. ಕರಣೆಯ ಮರದ ಹಿಡಿಯಿಂದ ನೆಲವನ್ನೆಲ್ಲ ತಟ್ಟುತ್ತ ಕೂತಲ್ಲೇ ಮುಂದೆ ಮುಂದೆ ಸರಿದ.

"ಎರಡು ದಾರಿ ಇದೆಯಮ್ಮ. ಒಂದು, ಎಲ್ಲಾ ಒಡೆದು ಕಿತ್ತು ಹೊಸದಾಗಿ ಹಾಕೋದು. ಧೂಳಿಗೆ ನಿಮ್ಮ ಸೊಸೆಯಂದಿರು ಮೊಮ್ಮಕ್ಕಳು ಎಲ್ಲಾ ಮನೆ ಬಿಟ್ಟು ಓಡ್ತಾರೆ."

"ಅವರು ಯಾರೂ ಇಲ್ಲ."

"ಹಾಗಾದ್ರೆ ನಾನೇ ಓಡ್ತೀನಿ" ಎಂದ ಮೇಸ್ತ್ರಿ. "ಇನ್ನೊಂದು, ಇದರ ಮೇಲೇ ಹಾಕೋದು. ಟೊಳ್ಳು ಇರೋದನ್ನ ಮಾತ್ರ ಎತ್ತಿ, ತಳ ತುಂಬಿ, ಮತ್ತೆ ಅದನ್ನೇ ಅಂಟಿಸ್ತೀನಿ. ಮೇಲಿನ ನುಣುಪು ಹೋಗೋ ಹಾಗೆ ಮಷಿನ್ನಿಂದ ಗೀರಿ, ಎಣ್ಣೆ ಜಿಡ್ಡೆಲ್ಲಾ ತೊಳೆದು, ಅಂಟು ಬಳಿದು ಹೊಸದನ್ನ ಕೂರಿಸೋದು. ಹಳೇದು ಎಲ್ಲಿಗೂ ಹೋಗಲ್ಲ, ಕೆಳಗೆ ತನ್ನ ಪಾಡಿಗೆ ಇರುತ್ತೆ. ನೆಲ ಒಂದು ಬೆರಳಿನಷ್ಟು ಮೇಲೇಳುತ್ತೆ, ಅಷ್ಟೇ. ಬಾಗಿಲುಗಳನ್ನ ಮೊದಲೇ ಕೆಳಗಡೆ ಕೊಯ್ಸಿಬಿಡಿ."

ಹಳೆಯದು ಎಲ್ಲಿಗೂ ಹೋಗಲ್ಲ ಎಂದದ್ದೇ ಅತ್ತಿಗೆಗೆ ಹಿಡಿಸಿತು. ಸಂಜೆ ಅಂಗಡಿಯಿಂದ ಬಂದರೆ ಮೆಣಸಿ ಟೀ ಲೋಟ ಹಿಡಿದು ಆ ತುಕ್ಕಿನ ಗುರುತುಗಳ ನಡುವೆಯೇ ನೆಲದ ಮೇಲೆ ಕೂರುತ್ತಿದ್ದುದನ್ನು ಅವಳು ಅಡುಗೆಮನೆಯಿಂದ ಕಂಡಿದ್ದಳು. ಒಡೆಸಿದರೆ ಅವಳಿಗೆ ನೋವಾಗಬಹುದು. ಮೇಲೇ ಹಾಕಿಸಿದರೆ ಇಬ್ಬರಿಗೂ ಆದೀತು. ಇಷ್ಟನ್ನು ಮೆಣಸಿಗೆ ಬಿಡಿಸಿ ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಹೇಳಿದ್ದು ಇಷ್ಟೇ:

"ನಡುಮನೆಗೆ ಹೊಸ ಟೈಲ್ಸ್ ಹಾಕಿಸ್ತೀನಿ."

ಮೆಣಸಿ ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದಳು.

"ನಿಮ್ಮ ಮನೆ ಅತ್ತಿಗೆ. ನಿಮ್ಮಿಷ್ಟ."

ನಿಮ್ಮ ಮನೆ ಎಂದ ಆ ಮಾತು ಅತ್ತಿಗೆಗೆ ಚುಚ್ಚಿತು. ಕೆಲವು ದಿನ ಬಿಟ್ಟು ಮೆಣಸಿ ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಹೆಂಗಸರ ಹಾಸ್ಟೆಲಿನಲ್ಲಿ ಒಂದು ರೂಮು ನೋಡಿದೀನಿ. ಅಂಗಡಿಗೆ ಹತ್ತಿರ. ಒಂದನೇ ತಾರೀಕಿಗೆ ಹೋಗ್ತೀನಿ."

ಅತ್ತಿಗೆಯ ಕೈಯಲ್ಲಿ ಸೌಟಿತ್ತು. ಹೋಗಬೇಡ ಎನ್ನಬೇಕೆಂದು ಬಾಯಿ ತೆರೆದಳು. ನೀನೂ ಹೋದರೆ ನಾನು ಯಾರ ಚಪ್ಪಲಿ ನೋಡಿಕೊಂಡು ಗೇಟು ತೆಗೆಯಲಿ ಎಂದು ಕೇಳಬೇಕೆನ್ನಿಸಿತು. ಬಾಯಿಂದ ಬಂದದ್ದೇ ಬೇರೆ.

"ದೊಡ್ಡ ಸೂಟ್‌ಕೇಸು ಅಟ್ಟದ ಮೇಲಿದೆ. ಬೇಕಾದ್ರೆ ಇಳಿಸ್ಕೋ."

ಮೆಣಸಿ ತಲೆಯಾಡಿಸಿ ಹೋದಳು. ಸ್ಟೂಲು ಎಳೆದ ಸದ್ದು, ಅಟ್ಟದ ಧೂಳಿಗೆ ಸೀನಿದ ಸದ್ದು ಕೇಳಿಸಿತು. ಅತ್ತಿಗೆ ಒಲೆ ಆರಿಸುವುದನ್ನು ಮರೆತು ಪಾತ್ರೆಯ ತಳ ಹಿಡಿಸಿದಳು.

ಬಡಗಿ ಬಂದ. ಮೂರು ಸಲ ನಾಳೆ ಎಂದು ಹೇಳಿ, ನಾಲ್ಕನೆಯ ನಾಳೆಗೆ ಬಂದ. ಅತ್ತಿಗೆಯ ಕೋಣೆಯ ಬಾಗಿಲು, ಅಡುಗೆಮನೆಯ ಬಾಗಿಲು, ಮುಂಬಾಗಿಲು ಎಲ್ಲವನ್ನೂ ಕಳಚಿ ಕೆಳಗಡೆ ಒಂದು ಬೆರಳು ಕೊಯ್ದು ಮತ್ತೆ ಸಿಕ್ಕಿಸಿದ. ಮೆಣಸಿಯ ಬಾಗಿಲಿಗೆ ಬಂದಾಗ ಅವಳು ಹೊಸಿಲಲ್ಲೇ ನಿಂತಳು.

"ಇದು ಬೇಡ. ನಾನು ಹೇಗೂ ಹೋಗೋಳು. ನಾನು ಹೋದಮೇಲೆ ಏನು ಬೇಕಾದ್ರೂ ಕೊಯ್ಕೊಳ್ಳಿ."

ಬಡಗಿ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಗರಗಸದ ಕಡೆ ನೋಡುತ್ತ, "ಬಿಡಿ ಹಾಗಾದ್ರೆ" ಎಂದಳು.

ಮರುದಿನವೆಲ್ಲ ಮೇಸ್ತ್ರಿಯ ಮಷಿನ್ನು ಹಳೆ ನೆಲವನ್ನು ಗೀರಿತು. ಬಿಳಿ ಧೂಳು ಕಿಟಕಿಯ ಸರಳು, ಮೆಟ್ಟಿಲು, ಗಿಡದ ಎಲೆ ಯಾವುದನ್ನೂ ಬಿಡಲಿಲ್ಲ. ಅದರ ಮಾರನೆಯ ದಿನ ಅಂಟು ಕಲಸಿ ಟೈಲ್ಸ್ ಕೂರಿಸುವ ಕೆಲಸ. ಅತ್ತಿಗೆ ಶಿಶುವಿಹಾರಕ್ಕೆ ರಜಾ ಹಾಕಿ, ಬೆಳಿಗ್ಗೆಯೇ ಗೇಟಿನ ಹತ್ತಿರ ನಿಂತು ಪೆಟ್ಟಿಗೆಗಳನ್ನು ಇಳಿಸಿಕೊಂಡಳು. ಆ ಗಡಿಬಿಡಿಯಲ್ಲಿ ಮೆಣಸಿ ಯಾವಾಗ ಹೊರಟಳೋ ಗಮನಿಸಲಿಲ್ಲ. ಮೆಟ್ಟಿಲು ನೋಡಿದಳು, ಚಪ್ಪಲಿ ಇರಲಿಲ್ಲ.

ಮೇಸ್ತ್ರಿ ಹಲ್ಲು ಹಲ್ಲಿನ ಕರಣೆಯಿಂದ ಅಂಟು ಎಳೆಯುತ್ತಿದ್ದ. ನೆಲದ ಮೇಲೆ ಬಾಚಿದ ಕೂದಲಿನ ಹಾಗೆ ಗೆರೆಗಳು ಮೂಡುತ್ತಿದ್ದವು. ಅದರ ಮೇಲೆ ಟೈಲ್ಸ್ ಇಟ್ಟು, ಸ್ವಲ್ಪ ಅಲುಗಿಸಿ, ರಬ್ಬರ್ ಸುತ್ತಿಗೆಯಿಂದ ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ ತಟ್ಟುತ್ತಿದ್ದ. ಸಣ್ಣ ಕೋಣೆಯ ಹತ್ತಿರ ಬಂದಾಗ ತಲೆ ಎತ್ತಿದ.

"ಅಮ್ಮಾ, ಈ ಬಾಗಿಲು ಕೊಯ್ದಿಲ್ವಲ್ಲ. ಇದು ಈ ಕಡೆಗೆ ತೆರೆಯೋದು. ಹೀಗೇ ಮುಚ್ಚಿ ಹಾಕಿಬಿಟ್ರೆ ಆಮೇಲೆ ತೆರೆಯಲ್ಲ. ಒಳಗೆ ಯಾರಾದ್ರೂ ಇದಾರಾ?"

ಅತ್ತಿಗೆ ಅಡುಗೆಮನೆಯಿಂದಲೇ ಕೂಗಿ ಹೇಳಿದಳು. "ಇಲ್ಲ. ಅಲ್ಲಿ ಯಾರೂ ಇಲ್ಲ. ನೀವು ಹಾಕಿ, ನಾಳೆ ಬಡಗಿ ಬಂದು ಬಾಗಿಲು ಕಳಚ್ತಾನೆ."

ಮೇಸ್ತ್ರಿ ಹಾಕಿದ. ಕೆಲಸ ಮುಗಿಸಿ, ಕೈಕಾಲು ತೊಳೆದು ಹಿತ್ತಲ ಬಾಗಿಲಿಂದ ಹೊರಟ. "ನಾಳೆ ಬೆಳಗಿನವರೆಗೆ ಬೆಕ್ಕು ಕೂಡ ಕಾಲಿಡಬಾರದು. ಈಗ ತುಳಿದ್ರೆ ತಳ ಕುಸೀತದೆ, ಆಮೇಲೆ ಜನ್ಮಪೂರ್ತಿ ಟೊಕ್ ಟೊಕ್."

ಅತ್ತಿಗೆ ಅಡುಗೆಮನೆಯ ಹೊಸಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಹೊಸ ನೆಲ ಹದವಾದ ಕೆನೆಬಣ್ಣಕ್ಕಿತ್ತು, ಒಂದೂ ಗುರುತಿರಲಿಲ್ಲ. ಚೆನ್ನಾಗಿತ್ತು ಅನ್ನಬೇಕು. ಯಾರಿಗೆ ಅನ್ನುವುದು? ಮೆಣಸಿ ಬರುವ ಹೊತ್ತಾಯಿತು, ಮುಂಬಾಗಿಲಿಂದ ಬರಬೇಡ ಅಂತ ಹೇಳಬೇಕು, ಗೇಟಿಗೆ ಒಂದು ಚೀಟಿ ಅಂಟಿಸಲೇ, ಫೋನು ಮಾಡಲೇ ಎಂದು ಯೋಚಿಸುತ್ತಿದ್ದಳು. ಹೊರಗೆ ಬಿಸಿಲು ಹಳದಿಯಾಗುತ್ತಿತ್ತು.

ಅಷ್ಟರಲ್ಲಿ ಸಣ್ಣ ಕೋಣೆಯ ಒಳಗಿಂದ ಯಾರೋ ಕೆಮ್ಮಿದರು.

ಆಮೇಲೆ ಚಿಲಕ ಸರಿದ ಸದ್ದು. ಬಾಗಿಲು ಒಮ್ಮೆ ಅದುರಿ ಟೈಲ್ಸಿನ ಅಂಚಿಗೆ ತಗುಲಿ ನಿಂತಿತು. ಇನ್ನೊಮ್ಮೆ ಅದುರಿತು. ಆಮೇಲೆ ಸುಮ್ಮನಾಯಿತು.

"ಮೆಣಸಿ?" ಅತ್ತಿಗೆಯ ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದಳು. "ಮೆಣಸಿ, ನೀನು ಒಳಗಿದೀಯಾ?"

"ಇದೀನಿ."

"ಯಾವಾಗ ಬಂದೆ?"

"ಹೋಗೇ ಇಲ್ಲ."

ಅತ್ತಿಗೆ ಸ್ಟೂಲಿನಿಂದ ಎದ್ದುಬಿಟ್ಟಳು. ಬೆಳಿಗ್ಗೆಯಿಂದ ಇವಳು ಒಳಗೇ ಇದ್ದಾಳೆ. ತಾನು ಮೇಸ್ತ್ರಿಗೆ ಎರಡು ಸಲ ಟೀ ಮಾಡಿಕೊಟ್ಟೆ, ಊಟ ಮಾಡಿ ತಟ್ಟೆ ತೊಳೆದಿಟ್ಟೆ. ಗೋಡೆಯಾಚೆ ಒಂದು ಜೀವ ಇತ್ತು, ತನಗೆ ಗೊತ್ತೇ ಆಗಲಿಲ್ಲ.

ಮೇಸ್ತ್ರಿಗೆ ಫೋನು ಮಾಡಿದಳು. ಅವನು ಗಾಬರಿಯಾದ. "ಒಳಗೆ ಬಚ್ಚಲು ಇದೆಯಾ? ಹುಷಾರಾಗಿದಾರಾ? ಹಾಗಾದ್ರೆ ಬೆಳಗಿನವರೆಗೆ ಬಿಡಿಯಮ್ಮ. ಆಗಲ್ಲ ಅನ್ನಿಸಿದ್ರೆ ಬಾಗಿಲ ಹತ್ತಿರದ ಸಾಲನ್ನ ಕಿತ್ತು ಬಿಸಾಕಿ, ನಾನು ಬಂದು ಬೇರೆ ಹಾಕಿಕೊಡ್ತೀನಿ. ನಿಮ್ಮ ಮನೆಯವರಿಗಿಂತ ನನ್ನ ಟೈಲ್ಸ್ ಹೆಚ್ಚಲ್ಲ."

ಅತ್ತಿಗೆ ಅದನ್ನು ಹಾಗೇ ಕೂಗಿ ಹೇಳಿದಳು. "ಕೀಳ್ತೀನಿ ಮೆಣಸಿ. ಕಬ್ಬಿಣದ ಸಲಾಕೆ ಹಿತ್ತಲಲ್ಲಿದೆ."

"ಬೇಡ. ಹಾಕಿಸಿದ್ದನ್ನ ಯಾಕೆ ಹಾಳು ಮಾಡ್ತೀರಿ. ಒಂದು ರಾತ್ರಿ ತಾನೇ. ನನಗೇನು ಈ ಕೋಣೆ ಹೊಸದಾ?"

ಅತ್ತಿಗೆ ನಿಲ್ಲಲಿಲ್ಲ. ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಟೀ ಎಲ್ಲವನ್ನೂ ಬುಟ್ಟಿಗೆ ತುಂಬಿ ಹಿತ್ತಲ ಬಾಗಿಲಿಂದ ಇಳಿದು, ಮನೆಯ ಪಕ್ಕದ ಇರುಕಲು ಓಣಿಗೆ ನುಗ್ಗಿದಳು. ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ಗೋಡೆಗಂಟಿದ ನೀರಿನ ಪೈಪುಗಳು, ನಡುವೆ ಅಡ್ಡವಾಗಿ ತಿರುಗಿದರೆ ಮಾತ್ರ ಹೋಗಬಹುದಾದ ಜಾಗ. ಇಷ್ಟು ವರ್ಷದಲ್ಲಿ ಮೆಣಸಿಯ ಕಿಟಕಿಯನ್ನು ಅವಳು ಹೊರಗಿನಿಂದ ನೋಡಿದ್ದು ಇದೇ ಮೊದಲು. ಕಿಟಕಿಗೆ ಸರಳು, ಸರಳಿನ ಹಿಂದೆ ಮೆಣಸಿಯ ಪುಟ್ಟ ಮುಖ. ಜ್ವರದ ಕಣ್ಣು. ಹಿಂದೆ ಮಂಚದ ಮೇಲೆ ಬಾಯಿ ತೆರೆದ ಸೂಟ್‌ಕೇಸು, ಮಡಿಸಿಟ್ಟ ಸೀರೆಗಳು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ದರ್ಜಿ ಕತ್ತು ಉದ್ದ ಮಾಡಿದ. "ಏನಿದು, ಜೈಲಿಗೆ ಊಟ ಸಾಗಿಸ್ತಾ ಇದೀರಾ?"

"ಹೌದು, ನಿಮಗೂ ಒಂದು ಕೋಣೆ ಖಾಲಿ ಇದೆ, ಬರ್ತೀರಾ?" ಎಂದಳು ಮೆಣಸಿ ಒಳಗಿನಿಂದ. ದರ್ಜಿಯ ಕತ್ತು ಮಾಯವಾಯಿತು. ಅತ್ತಿಗೆಗೆ ನಗು ಬಂತು, ನಗುವುದೋ ಬೇಡವೋ ತಿಳಿಯದೆ ಬುಟ್ಟಿಯೊಳಗೆ ಬಗ್ಗಿದಳು.

ಬ್ರೆಡ್ಡನ್ನು ಒಂದೊಂದೇ ಚೂರಾಗಿ ಸರಳಿನ ನಡುವೆ ದಾಟಿಸಿದಳು. ಫ್ಲಾಸ್ಕು ತೂರಲಿಲ್ಲ. ಮೆಣಸಿ ಲೋಟವನ್ನು ಸರಳಿಗೆ ಒತ್ತಿ ಹಿಡಿದಳು, ಅತ್ತಿಗೆ ಹೊರಗಿನಿಂದ ಸುರಿದಳು. ಅರ್ಧ ಟೀ ಕಿಟಕಿಯ ಕಟ್ಟೆಗೆ ಹೋಯಿತು. ಓಣಿಯಲ್ಲಿದ್ದ ಒಡಕು ಬಕೆಟ್ಟನ್ನು ಬೋರಲು ಹಾಕಿ ಅತ್ತಿಗೆ ಅದರ ಮೇಲೆ ಕೂತಳು. ಕೂತರೆ ಮೆಣಸಿಯ ಮುಖ ಕಾಣುತ್ತಿರಲಿಲ್ಲ, ಲೋಟ ಹಿಡಿದ ಕೈ ಮಾತ್ರ ಕಾಣುತ್ತಿತ್ತು. ಮುಖ ಕಾಣದ್ದೇ ಒಳ್ಳೆಯದಾಯಿತು ಅನ್ನಿಸಿತು.

"ಜ್ವರ ಯಾವಾಗಿಂದ?"

"ನಿನ್ನೆಯಿಂದ. ಆ ಧೂಳಿಗಿರಬೇಕು. ಸೂಟ್‌ಕೇಸ್ ತುಂಬೋಣ ಅಂತ ರಜಾ ಹಾಕಿದ್ದೆ, ಮಾತ್ರೆ ತಗೊಂಡು ಮಲಗಿಬಿಟ್ಟೆ."

"ನಿದ್ದೆ ಹತ್ತಿತ್ತಾ? ಅದಕ್ಕೇ ಮೇಸ್ತ್ರಿ ಕೇಳಿದ್ದು ನಿನಗೆ ಕೇಳಿಸಲಿಲ್ಲ."

ಲೋಟ ಹಿಡಿದ ಕೈ ಕಿಟಕಿಯಿಂದ ಹಿಂದೆ ಸರಿಯಿತು.

"ಕೇಳಿಸ್ತು."

"ಏನು?"

"ಒಳಗೆ ಯಾರಾದ್ರೂ ಇದಾರಾ ಅಂತ ಅವನು ಕೇಳಿದ್ದು. ನೀವು ಹೇಳಿದ್ದು."

ಅತ್ತಿಗೆ ಎದ್ದು ನಿಂತಳು. ಮೆಣಸಿ ಕಿಟಕಿಯ ಪಕ್ಕದ ಗೋಡೆಗೆ ತಲೆ ಆನಿಸಿ, ಟೀಯನ್ನು ನೋಡುತ್ತಿದ್ದಳು.

"ಎಚ್ಚರವಾಗೇ ಇದ್ದೆ. ಇದೀನಿ ಅನ್ನಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನೀವು, ಅಲ್ಲಿ ಯಾರೂ ಇಲ್ಲ ಅಂದ್ರಿ. ಸುಮ್ಮನಾದೆ."

"ಯಾಕೆ ಸುಮ್ಮನಾದೆ ನೀನು?"

"ಗೊತ್ತಿಲ್ಲ. ಸರಿಯಾಗೇ ಇದೆಯಲ್ಲ ಅನ್ನಿಸ್ತು." ಮೆಣಸಿಯ ದನಿಯಲ್ಲಿ ಖಾರವಿರಲಿಲ್ಲ. "ಅಣ್ಣ ಹೋದಮೇಲೆ ನಾನಿಲ್ಲಿ ಇರೋದು ಹಾಗೇ ತಾನೇ. ನೀವು ಹೊರಗೆ ಬಂದಮೇಲೆ ನಾನು ಒಳಗೆ ಹೋಗೋದು. ಸದ್ದು ಮಾಡದೆ ಕದ ಹಾಕೋದು. ಮಲಗಿಕೊಂಡು ಕೇಳಿಸ್ಕೊಂಡೆ, ಟಪ್ ಟಪ್ ಅಂತ ಬಾಗಿಲವರೆಗೂ ಬಂದು ನಿಂತು ಹೋಯ್ತು. ಬೇಜಾರೂ ಆಗಲಿಲ್ಲ ಅತ್ತಿಗೆ. ಅದೇ ಭಯವಾಯ್ತು ನನಗೆ, ಬೇಜಾರಾಗಲಿಲ್ಲವಲ್ಲ ಅಂತ."

ಪೈಪಿನೊಳಗೆ ನೀರು ಗುಳುಗುಳು ಇಳಿಯಿತು. ಅತ್ತಿಗೆ ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡಳು.

"ಚಪ್ಪಲಿ ಇರಲಿಲ್ಲ" ಎಂದಳು.

"ಏನು?"

"ನಿನ್ನ ಚಪ್ಪಲಿ. ಮೆಟ್ಟಿಲ ಮೇಲೆ ಇರಲಿಲ್ಲ. ಅದಕ್ಕೇ ನೀನಿಲ್ಲ ಅಂದೆ."

"ಧೂಳಾಗುತ್ತೆ ಅಂತ ಒಳಗೆ ತಂದಿಟ್ಕೊಂಡೆ."

"ನಾನು ದಿನಾ ಅದನ್ನೇ ನೋಡೋದು ಮೆಣಸಿ. ಗೇಟಿಂದಲೇ. ಅದಿದ್ರೆ ಸರಿ, ಮನೇಲಿ ಜನ ಇದಾರೆ ಅಂತ ಬೀಗದ ಕೈ ಬ್ಯಾಗಿಗೆ ಹಾಕ್ಕೊಂಡು ಬರ್ತೀನಿ. ಇಲ್ಲದಿದ್ರೆ ಒಳಗೆ ಬರೋಕೆ ಕಾಲು ಏಳಲ್ಲ. ಗಿಡಕ್ಕೆ ನೀರು ಹಾಕೋ ನೆಪ ಮಾಡ್ಕೊಂಡು ನೀನು ಬರೋವರೆಗೂ ಹೊರಗೇ ಇರ್ತೀನಿ. ಆ ದಾಸವಾಳದ ಗಿಡ ಕೊಳೆತು ಹೋದದ್ದು ಯಾಕೆ ಅಂದ್ಕೊಂಡಿದೀಯಾ?"

ಮೆಣಸಿ ಮೊದಲ ಬಾರಿ ಮುಖ ಇತ್ತ ತಿರುಗಿಸಿದಳು. "ಗೆದ್ದಲು ಹಿಡೀತು ಅಂದಿದ್ರಿ."

"ನಾನೇ ನೀರು ಕುಡಿಸಿ ಕುಡಿಸಿ ಕೊಂದೆ."

ಮೆಣಸಿಯ ತುಟಿ ಒಂದಿಷ್ಟು ಸಡಿಲವಾಯಿತು. ಆದರೆ ನಗು ಪೂರ್ತಿ ಬರಲಿಲ್ಲ. ಓಣಿಯಲ್ಲಿ ಬೆಳಕು ಕಡಿಮೆಯಾಗುತ್ತಿತ್ತು. ಅತ್ತಿಗೆಗೆ ಈಗ ಹೇಳದಿದ್ದರೆ ಮತ್ತೆಂದೂ ಹೇಳಲಾರೆ ಅನ್ನಿಸಿತು. ಹೇಳಲು ಮೂರನೆಯವನಿಲ್ಲ, ದಾಟಿಸಿಕೊಡುವವನಿಲ್ಲ.

"ಹೋಗಬೇಡ" ಎಂದಳು. "ಹಾಸ್ಟೆಲಿಗೆ ಹೋಗಬೇಡ. ಆ ದಿನ ಇದನ್ನೇ ಹೇಳೋಕೆ ಬಂದೆ, ಸೂಟ್‌ಕೇಸು ಅಂದುಬಿಟ್ಟೆ."

ಮೆಣಸಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಮಾತಾಡಿದಳು. "ನಾನು ಟೈಲ್ಸಿಗೆ ಸಿಟ್ಟು ಮಾಡ್ಕೊಂಡು ಹೊರಟಿಲ್ಲ. ಅಲ್ಲಿ ಊಟದ ಹೊತ್ತಿಗೆ ಗಂಟೆ ಹೊಡೀತಾರಂತೆ. ಎಲ್ಲಾರೂ ಒಂದೇ ಸಲ ತಟ್ಟೆ ತಗೊಂಡು ಬರ್ತಾರಂತೆ. ಆ ಗಲಾಟೆ ಕೇಳಬೇಕು ಅನ್ನಿಸ್ತು ನನಗೆ. ಪಾತ್ರೆ ಸದ್ದು, ಜಗಳ, ನಲ್ಲಿಗೆ ಸಾಲು ನಿಲ್ಲೋದು. ಇಲ್ಲಿ ಒಂದು ಚಮಚ ಬಿದ್ರೆ ನಾನೇ ಬೆಚ್ಚಿಬೀಳ್ತೀನಿ ಅತ್ತಿಗೆ."

ಅತ್ತಿಗೆ ಸರಳು ಬಿಟ್ಟು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ತನ್ನಲ್ಲಿ ಗಲಾಟೆ ಎಲ್ಲಿಂದ ತರುವುದು?

"ಒಡೆಸಬಾರದು ಅಂತಲೇ ಮೇಲೆ ಹಾಕಿಸಿದ್ದು" ಎಂದಳು. "ನೀನು ಅಲ್ಲಿ ಕೂರ್ತಿದ್ದೆಯಲ್ಲ. ಆ ಟೊಳ್ಳಾದದ್ದನ್ನೂ ಅಲ್ಲೇ ಕೂರಿಸಿ ಅಂದೆ. ಎಲ್ಲಾ ಅಲ್ಲೇ ಕೆಳಗಿದೆ."

"ಹೇಳಬಾರದಿತ್ತಾ?"

"ಹೇಳಬೇಕಿತ್ತು."

ಬ್ರೆಡ್ಡು ಮುಗಿಯಿತು. ಮೆಣಸಿ ಮಾತ್ರೆ ನುಂಗಿದಳು, ಅತ್ತಿಗೆ ಸರಳಿನ ನಡುವೆ ಕೈ ತೂರಿಸಿ ಅವಳ ಹಣೆ ಮುಟ್ಟಿ ನೋಡಿದಳು. ಇಷ್ಟು ವರ್ಷದಲ್ಲಿ ಅದೂ ಮೊದಲು. ಸೊಳ್ಳೆ ಬರುತ್ತೆ, ಒಳಗೆ ಹೋಗಿ ಎಂದು ಮೆಣಸಿಯೇ ಗದರಿದ ಮೇಲೆ ಅವಳು ಹೊರಟಳು. ಹೋಗಲ್ಲ ಎಂದು ಮಾತ್ರ ಮೆಣಸಿ ಹೇಳಿರಲಿಲ್ಲ.

ಬೆಳಿಗ್ಗೆ ಮೇಸ್ತ್ರಿ ಬಂದು ನೆಲ ತಟ್ಟಿ ನೋಡಿ, ನಡೆಯಬಹುದು ಎಂದ. ಬಡಗಿಯೂ ಬಂದ. ಯಾರೋ ಹೆಂಗಸು ಒಳಗೆ ಸಿಕ್ಕಿಕೊಂಡಿದ್ದಾಳೆ ಎಂದದ್ದಕ್ಕೆ ಒಂದೇ ನಾಳೆಗೆ ಬಂದ. ಬಾಗಿಲಿನ ಕೀಲುಗಳ ಮೊಳೆ ಹೊಡೆದು ತೆಗೆದು, ಇಡೀ ಬಾಗಿಲನ್ನೇ ಎತ್ತಿ ಪಕ್ಕಕ್ಕಿಟ್ಟ. ಮೆಣಸಿ ಹೊಸಿಲಲ್ಲಿ ನಿಂತು ಹೊಸ ನೆಲವನ್ನು ನೋಡಿದಳು. ಕಾಲಿಡಲು ಹಿಂಜರಿದಳು. ಆಮೇಲೆ ಇಟ್ಟಳು.

"ತಣ್ಣಗಿದೆ" ಎಂದಳು.

"ಬಾಗಿಲ ತಳ ಪುಡಿಪುಡಿ ಆಗಿದೆ" ಎಂದ ಬಡಗಿ, ಬೆರಳಿನಿಂದ ಕೆರೆಯುತ್ತ. "ಕೊಯ್ದ್ರೆ ಉದುರುತ್ತೆ. ಹೊಸ ಪಟ್ಟಿ ಕೊಡಬೇಕು. ನನ್ನ ಶೆಡ್ಡಿಗೆ ತಗೊಂಡು ಹೋಗ್ತೀನಿ, ನಾಳೆ ತಂದುಬಿಡ್ತೀನಿ."

ಆ ನಾಳೆ ಬರಲಿಲ್ಲ. ಬಾಗಿಲಿಲ್ಲದ ಕೋಣೆಗೆ ಅತ್ತಿಗೆ ಒಂದು ಹಳೆಯ ಹೊದಿಕೆಯನ್ನು ಕಟ್ಟಿಕೊಟ್ಟಳು. ಗಾಳಿಗೆ ಅದು ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ಮೆಣಸಿ ರಾತ್ರಿ ಕೆಮ್ಮಿದರೆ ಅತ್ತಿಗೆ ಬಿಸಿನೀರು ಇಟ್ಟು ಬರುವಳು. ಅತ್ತಿಗೆ ಗೊರಕೆ ಹೊಡೆದರೆ ಬೆಳಿಗ್ಗೆ ಮೆಣಸಿ, "ಯಾವುದೋ ಲಾರಿ ಗೇರು ಬದಲಾಯಿಸ್ತಾ ಇತ್ತು" ಅನ್ನುವಳು. "ನನ್ನ ಗಂಡ ಒಂದು ದಿನವೂ ದೂರು ಹೇಳಲಿಲ್ಲ" ಎಂದು ಅತ್ತಿಗೆ. "ಅವನು ನನಗೆ ಹೇಳ್ತಿದ್ದ" ಎಂದು ಮೆಣಸಿ. ಅದನ್ನು ಕೇಳಿ ಅತ್ತಿಗೆಯ ಮುಖ ಒಂದು ಕ್ಷಣ ಬಾಡಿತು, ಆಮೇಲೆ ಗಂಡ ಇನ್ನೇನೇನು ಹೇಳುತ್ತಿದ್ದ ಎಂದು ತಿಳಿಯುವ ಆಸೆಯಾಯಿತು. ಮೆಣಸಿ ಒಂದೊಂದಾಗಿ ಹೇಳಿದಳು. ಕೆಲವು ಕಟ್ಟಿ ಹೇಳಿದ್ದೆಂದು ಅತ್ತಿಗೆಗೆ ಗೊತ್ತಾಗುತ್ತಿತ್ತು.

ಹಾಗೆಂದು ಎಲ್ಲ ದಿನವೂ ಹಾಗಿರಲಿಲ್ಲ. ಕೆಲವು ಸಂಜೆ ಇಬ್ಬರೂ ನಡುಮನೆಯಲ್ಲಿ ಕೂತು ಏನೂ ತೋಚದೆ ಹೊಸ ನೆಲವನ್ನೇ ನೋಡುತ್ತಿದ್ದರು. ಎಲ್ಲಿ ಏನಿತ್ತೆಂದು ಈಗ ಕಾಣುತ್ತಿರಲಿಲ್ಲ. ಮೆಣಸಿ ಅಂದಾಜಿನ ಮೇಲೆ ಒಂದು ಕಡೆ ಕೂರುವಳು. "ಇನ್ನೂ ಸ್ವಲ್ಪ ಈಚೆಗೆ" ಎಂದು ಅತ್ತಿಗೆ ಹೇಳುವಳು. ಮೆಣಸಿ ಸರಿದು ಕೂರುವಳು. ಅಷ್ಟಾದ ಮೇಲೂ ಮನೆಯ ತುಂಬ ಅವನಿಲ್ಲದ್ದೇ ಇರುತ್ತಿತ್ತು. ಸೂಟ್‌ಕೇಸು ತುಂಬಿದ್ದು ತುಂಬಿದ ಹಾಗೇ ಮಂಚದ ಕೆಳಗಿತ್ತು. ಅತ್ತಿಗೆ ಅದರ ಬಗ್ಗೆ ಕೇಳಲಿಲ್ಲ. ಒಂದನೇ ತಾರೀಕು ಬಂತು. ಮೆಣಸಿ ಎಂದಿನ ಹಾಗೆ ಅಂಗಡಿಗೆ ಹೋದಳು, ಸಂಜೆ ಎಂದಿನ ಹಾಗೆ ಬಂದಳು. "ರೂಮಿಗೆ ಸುಣ್ಣ ಹೊಡೀತಾ ಇದಾರಂತೆ, ಇನ್ನೂ ಸ್ವಲ್ಪ ದಿನ ಆಗುತ್ತೆ" ಎಂದಳು. ನಿಜವೋ ಸುಳ್ಳೋ ಅತ್ತಿಗೆ ಕೆದಕಲಿಲ್ಲ. ಅನ್ನಕ್ಕೆ ಇನ್ನೊಂದು ಹಿಡಿ ಅಕ್ಕಿ ಸೇರಿಸಿದಳು.

ಒಂದು ಭಾನುವಾರ ಬೆಳಿಗ್ಗೆ ಗೇಟಿನ ಸದ್ದಾಯಿತು. ಬಡಗಿ ತಳ್ಳುಗಾಡಿಯಲ್ಲಿ ಬಾಗಿಲು ತಂದಿದ್ದ. ಹೊಸ ಪಟ್ಟಿ, ಹೊಸ ಬಣ್ಣ, ಹೊಸ ಕೀಲು. ಅತ್ತಿಗೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅದನ್ನು ನೋಡಿದಳು. ಕೆಲಸ ಚೆನ್ನಾಗಿಯೇ ಆಗಿತ್ತು.

"ಯಾರು ಅತ್ತಿಗೆ?" ಮೆಣಸಿ ಒಳಗಿನಿಂದ ಕೂಗಿದಳು.

"ಬಡಗಿ. ನಿನ್ನ ಬಾಗಿಲು ತಂದಿದಾನೆ."

ಅತ್ತಿಗೆ ಕೈಗೆ ಅಂಟಿದ ಹಿಟ್ಟನ್ನು ಒಂದು ಬೆರಳಿನಿಂದ ಇನ್ನೊಂದು ಬೆರಳಿಗೆ ಉಜ್ಜುತ್ತ ಕಾದಳು.

"ಈಗೇನು ಅಂಥ ಅವಸರ ಅಂತ ಕೇಳಿ" ಎಂದಳು ಮೆಣಸಿ. "ಹಿತ್ತಲಲ್ಲಿ ಒರಗಿಸಿ ಹೋಗಲಿ."

ಬಡಗಿ ಹಣೆ ಒರೆಸಿಕೊಂಡ. "ಊರೆಲ್ಲಾ ನಾನು ತಡ ಮಾಡ್ತೀನಿ ಅಂತ ಬೈತಾರೆ. ಇದೊಂದು ಮನೇಲಿ ಬೇಗ ತಂದೆ ಅಂತ ಬೈಸ್ಕೋಬೇಕಾ?"

"ಒಂದು ಕೈ ಹಿಡೀತೀನಿ, ನಡೀರಿ" ಎಂದು ಅತ್ತಿಗೆ ಬಾಗಿಲಿನ ಇನ್ನೊಂದು ತುದಿಯನ್ನು ಎತ್ತಿಕೊಂಡಳು. ಅದು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಓಣಿಯಲ್ಲಿ ಅಡ್ಡಡ್ಡ ಸರಿಯುತ್ತ, ಗೋಡೆಗೆ ತಗುಲಿಸದ ಹಾಗೆ, ಇಬ್ಬರೂ ಅದನ್ನು ಹಿತ್ತಲಿಗೆ ಹೊತ್ತುಕೊಂಡು ಹೋದರು.